ಎತ್ತಿಕೊಟ್ಟ ಮಾತು

ಬಿಸಿಯೇರಿದ ದೀಪದ ಮೇಲೆ ಧೂಳು ಸುಡುವ ವಾಸನೆ. ಸೈಮಿಗೆ ಬಾಲ್ಯವೆಂದರೆ ಅದೇ. ತುರ್ಕು ಊರಿನ ನದಿದಂಡೆಯ ಈ ಪುಟ್ಟ ನಾಟಕಶಾಲೆಯಲ್ಲಿ ಅವಳ ಅಮ್ಮ ನಟರ ಉಡುಪು ಹೊಲಿಯುತ್ತಿದ್ದಳು. ಮಗಳು ಪರದೆಯ ಪಕ್ಕ ಕೂತು, ಆ ವಾಸನೆಯಲ್ಲೇ ಬೆಳೆದಳು. ಈಗಿನ ದೀಪಗಳು ಬಿಸಿಯಾಗುವುದಿಲ್ಲ, ವಾಸನೆಯೂ ಇಲ್ಲ. ಸೈಮಿ ಮಾತ್ರ ಉಳಿದಿದ್ದಾಳೆ. ರಂಗದ ಅಂಚಿನ ಗೂಡಿನಲ್ಲಿ ಕೂತು, ನಟರು ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವ ಪ್ರಾಂಪ್ಟರ್ ಅವಳು.

ಇನ್ನೆಷ್ಟು ದಿನವೋ! ನಗರಸಭೆ ನಾಟಕಕ್ಕೆ ಕೊಡುವ ಹಣ ಕಡಿತ ಮಾಡಿತ್ತು. ಈ ಕಾಲದಲ್ಲಿ ಪ್ರಾಂಪ್ಟರ್ ಯಾಕೆ ಎಂದು ಪತ್ರಿಕೆಗಳಲ್ಲಿ ವಾದವೋ ವಾದ. ಬಟಾಣಿ ಕಾಳಿನಷ್ಟು ಯಂತ್ರವೊಂದನ್ನು ನಟರ ಕಿವಿಗೆ ಸಿಕ್ಕಿಸಿದರೆ ಸಾಕಂತೆ.

ಆದರೆ ಸೈಮಿಯ ನಿದ್ದೆ ಕೆಡಿಸಿದ್ದು ಅದಲ್ಲ, ಲುಮಿ. ರಾಜಧಾನಿ ಹೆಲ್ಸಿಂಕಿಯಿಂದ ಬಂದ ಸಿನಿಮಾ ನಟಿ, ಈಗ ಆಡುತ್ತಿದ್ದ ನಾಟಕದ ನಾಯಕಿ.

ನಾಯಕ ಇಲ್ಮೊ. ಐವತ್ತು ದಾಟಿದವನು, ಹೆಂಡತಿಯನ್ನು ಕಳೆದುಕೊಂಡವನು. ಒಂದಕ್ಷರ ಮರೆಯದವನೆಂದು ಹೆಸರಾಗಿದ್ದ ಅವನು ಈ ನಾಟಕದಲ್ಲಿ ಮಾತ್ರ, ಪ್ರತಿ ಸಲ, ಒಂದೇ ಜಾಗದಲ್ಲಿ ತಡವರಿಸುತ್ತಿದ್ದ. ಕೊನೆಯ ಅಂಕದಲ್ಲಿ ಲುಮಿಯ ಕೈ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದ. ರೆಪ್ಪೆ ಪಟಪಟ ಬಡಿಯುತ್ತಿತ್ತು.

ಸೈಮಿ ಗೂಡಿನಿಂದ ಪಿಸುಗುಡಬೇಕು. "ಹೋಗಬೇಡ. ನನ್ನ ಜೊತೆ ಇದ್ದುಬಿಡು."

ಅವಳ ತುಟಿಯಿಂದ ಆ ಮಾತು ಎತ್ತಿಕೊಂಡು, ಅವನು ಲುಮಿಗೆ ಕೊಡುತ್ತಿದ್ದ.

ಆ ಚೆಲುವೆಯ ಕಣ್ಣಲ್ಲಿ ಮುಳುಗಿ ಮಾತೇ ಮರೆಯುತ್ತಾನಲ್ಲ! ಈ ವಯಸ್ಸಿನಲ್ಲಿ ಇದೇನು ಹೊಟ್ಟೆಕಿಚ್ಚು ಎಂದು ಸೈಮಿ ತನ್ನನ್ನೇ ಬೈದುಕೊಂಡಳು. ಬೈದರೆ ಆರುವ ಕಿಚ್ಚಲ್ಲ ಅದು. ಲುಮಿಯಾದರೂ ಕೆಟ್ಟವಳಾಗಿರಬಾರದಿತ್ತೇ? "ಆ ಗೂಡಲ್ಲಿ ಥಂಡಿ ಅಲ್ವಾ, ಸೈಮಿ?" ಎಂದು ಉಣ್ಣೆಯ ಕಾಲುಚೀಲ ತಂದುಕೊಟ್ಟಿದ್ದಳು. ಸೈಮಿ ಆ ಕಾಲುಚೀಲ ಹಾಕಿಕೊಂಡೇ ಅವಳ ಮೇಲೆ ಉರಿದುಬೀಳುತ್ತಿದ್ದಳು.

ಗುರುವಾರ ಮಧ್ಯಾಹ್ನದ ಪ್ರದರ್ಶನ. ಅದಕ್ಕೆ ಮೊದಲು ಕ್ಯಾಂಟೀನಿನ ಹಿಲ್ಕಾ ಸೌಟು ಹಿಡಿದೇ ಕೂಗಿದಳು.

"ಗುರುವಾರ ಕಣೇ! ಗುರುವಾರ ಅಂದ್ರೆ ಊರಿಗೆಲ್ಲ ಬಟಾಣಿ ಸೂಪು. ತಿನ್ನದೆ ಎಲ್ಲಿಗೆ ಹೊರಟೆ?"

"ಹಸಿವಿಲ್ಲ."

"ಹೊಟ್ಟೆ ಉರೀತಿದ್ರೆ ಹಸಿವು ಎಲ್ಲಿಂದ ಬರಬೇಕು!"

ಅಲ್ಲೇ ಸೂಪು ಕುಡಿಯುತ್ತಿದ್ದ ಇಲ್ಮೊ ತಲೆಯೆತ್ತಿದ. "ಸೈಮಿ, ಇವತ್ತೂ ನನ್ನ ಕೈ ಬಿಡಬೇಡಮ್ಮ."

"ನಿನ್ನ ಕೈ ಹಿಡಿಯೋಕೆ ಬೇರೆಯವರಿದ್ದಾರಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

ಕೊನೆಯ ಅಂಕ ಬಂತು. ಇಲ್ಮೊ ಲುಮಿಯ ಕೈ ಹಿಡಿದ, ನಿಂತ. ರೆಪ್ಪೆ ಬಡಿಯಿತು.

ಸೈಮಿ ತುಟಿ ಬಿಗಿದುಕೊಂಡಳು. ಪ್ರಾಂಪ್ಟರ್ ಆದವಳಿಗೆ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕೆಲಸ ಇಂದೇ ಹೋದರೂ ಹೋಗಲಿ, ಆ ಮಾತನ್ನು ಇನ್ನೊಬ್ಬಳಿಗೆಂದು ಮತ್ತೆ ಎತ್ತಿಕೊಡಲಾರಳು.

ಸಭೆಯಲ್ಲಿ ಯಾರೋ ಕೆಮ್ಮಿದರು. ಮೌನ ಬೆಳೆಯಿತು.

ಇಲ್ಮೊ ಲುಮಿಯಿಂದ ಮೆಲ್ಲನೆ ಮುಖ ತಿರುಗಿಸಿ ಗೂಡಿನತ್ತ ನೋಡಿದ. ಅವನ ರೆಪ್ಪೆ ಬಡಿಯುತ್ತಿರಲಿಲ್ಲ.

"ಹೋಗಬೇಡ," ಎಂದ, ಒಂದಕ್ಷರವೂ ತಪ್ಪದೆ. "ನನ್ನ ಜೊತೆ ಇದ್ದುಬಿಡು."

ಪ್ರೇಕ್ಷಕರು ಅದನ್ನೂ ನಾಟಕವೆಂದೇ ತಿಳಿದರು.

ಪರದೆ ಬಿದ್ದು ಎಲ್ಲರೂ ಹೋದರೂ ಸೈಮಿ ಗೂಡು ಬಿಟ್ಟು ಏಳಲಿಲ್ಲ. ಇಲ್ಮೊ ಬಂದು ರಂಗದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ.

"ಮಾತು ಗೊತ್ತಿತ್ತು ನಿಂಗೆ," ಎಂದಳು.

"ಗೊತ್ತಿತ್ತು."

"ಮತ್ತೆ ಯಾಕೆ ಮರೆತ ಹಾಗೆ ಮಾಡ್ದೆ?"

"ಮೊದಮೊದಲು ನಿನ್ನ ಕೆಲಸ ಉಳೀಲಿ ಅಂತ. ಯಾರೂ ಏನೂ ಮರೀದೆ ಇದ್ರೆ ಪ್ರಾಂಪ್ಟರ್ ಯಾಕೆ ಅಂತಾರಲ್ಲ."

"ಆಮೇಲೆ?"

ಅವನ ಕಿವಿ ಕೆಂಪಾಯಿತು. "ಆಮೇಲೆ ದುರಾಸೆ ಬಂತು. ನೀನು ಆ ಮಾತು ನಂಗೆ ಹೇಳೋದನ್ನ ಬೇರೆ ಹೇಗೆ ಕೇಳಿಸ್ಕೊಳ್ಳಲಿ?"

"ಕತ್ತೆ! ನೀನು ಲುಮಿನ ನೋಡ್ತಾ ಮೈಮರೀತೀಯ ಅಂತ ನಾನು ಅಂದ್ಕೊಂಡು…"

"ಅವಳಾ? ಅವಳಿಗೆ ಮೊದಲ ವಾರವೇ ತಿಳಿದುಹೋಯ್ತು. ಕೈ ಹಿಡಿದಾಗೆಲ್ಲ ಚಿವುಟ್ತಾಳೆ. 'ಇವತ್ತಾದ್ರೂ ನೀನೇ ಹೋಗಿ ಹೇಳೋ, ಮುದುಕಾ' ಅಂತ."

ಸೈಮಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು. ಕಾಲಲ್ಲಿ ಆ ಕಾಲುಚೀಲ ಬೆಚ್ಚಗಿತ್ತು.

"ಮುಂದಿನ ವರ್ಷ ಈ ಗೂಡೇ ಮುಚ್ಚಿಬಿಟ್ರೆ, ಇಲ್ಮೊ?"

"ಜಗಳ ಆಡೋಣ, ಪತ್ರಿಕೆಗೆ ಬರೆಯೋಣ. ಆದರೂ ಮುಚ್ಚಿದ್ರೆ, ಇನ್ನೂ ಹತ್ತಿರ ಕೂತು ಪಿಸುಗುಡು."

ಅವಳು ಕತ್ತಲಿನ ಗೂಡಿನಿಂದ ಅವನನ್ನೇ ನೋಡಿದಳು. ಆಮೇಲೆ, ಯಾವ ನಾಟಕದ ಹಂಗೂ ಇಲ್ಲದೆ, ಮೆಲ್ಲಗೆ ಆ ಮಾತು ಹೇಳಿದಳು. "ಇದ್ದುಬಿಡು."

ಕ್ಯಾಂಟೀನು ಯಾವಾಗಲೋ ಮುಚ್ಚಿತ್ತು. ಇಲ್ಮೊ ಪರದೆಯ ಹಿಂದಕ್ಕೆ ಹೋಗಿ, ಟವೆಲ್ ಸುತ್ತಿದ ಬಟ್ಟಲೊಂದನ್ನು ತಂದ. ಹಿಲ್ಕಾಳ ಹತ್ತಿರ ಹೇಳಿ ತೆಗೆದಿರಿಸಿದ್ದ ಬಟಾಣಿ ಸೂಪು, ಇನ್ನೂ ಬೆಚ್ಚಗಿತ್ತು. ಎಲ್ಲರೂ ಸೂಪಿಗೆ ಕಲಸಿಕೊಳ್ಳುವ ಅರೆದ ಸಾಸಿವೆಯನ್ನು ಇದಕ್ಕೆ ಕಲಸಿರಲಿಲ್ಲ. ಸೈಮಿ ತಿನ್ನುವಂತೆಯೇ, ಬಟ್ಟಲಿನ ಅಂಚಿಗೆ ಒಂದಿಷ್ಟು ಸವರಿತ್ತು.

ಅವನು ಬಗ್ಗಿ, ಎರಡೂ ಕೈಯಿಂದ ಅದನ್ನು ಗೂಡಿನೊಳಕ್ಕೆ ಚಾಚಿದ.