ಹಸಿರೂ ಅಲ್ಲ, ಕೆಂಪೂ ಅಲ್ಲ

"ಬರಬೇಡಿ ಅನ್ರೀ! ಫೋನಲ್ಲಿ ಯಾರೇ ಇರ್ಲಿ, ಬರಬೇಡಿ ಅನ್ರೀ!"

ಬಾಗಿಲಲ್ಲಿ ನಿಂತು ಕೂಗಿದವನನ್ನು ಕಂಡು ಭಾನುಪ್ರಿಯಾ ಬೆಚ್ಚಿಬಿದ್ದಳು. ಮೈಯೆಲ್ಲ ಒದ್ದೆ, ಕಾಲು ತುಂಬ ಕೆಸರು, ಕೈಯಲ್ಲೊಂದು ದೋಣಿಯ ಹುಟ್ಟು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅದು, ಎತ್ತಿದ ಮೊದಲ ಫೋನು. ಆ ಕಡೆಯವರಿಗೆ "ಖಂಡಿತ ಬನ್ನಿ ಸರ್" ಎಂದು ಈಗಷ್ಟೇ ನಯವಾಗಿ ಹೇಳಿದ್ದಳು.

"ಅದನ್ನ ಹೇಳೋಕೆ ನೀವ್ಯಾರ್ರೀ?"

"ನೀರಿಗೆ ಇಳ್ಸೋನು. ಮಹೇಂದ್ರ ಅಂತ. ಹೊಳೆ ಕೆಂಪಗದೆ, ಮೇಲೆಲ್ಲೋ ಮಳೆ ಉಯ್ದದೆ. ಬಂದೋರ್ನ ನೀವು ಇಳಿಸ್ತೀರಾ?"

"ನಂಗೆ ಈಜೇ ಬರಲ್ಲ!"

ಅವನ ಕೋಪ ಅರ್ಧಕ್ಕೇ ನಿಂತಿತು. ನಗು ಬಂತು, ಆದರೆ ನಗಲಿಲ್ಲ.

"ಮತ್ತೆ? ಬನ್ನಿ ಅನ್ನಕ್ ಮುಂಚೆ ನನ್ನೊಂದ್ ಮಾತು ಕೇಳಿ ಮೇಡಮ್. ಅಷ್ಟೇಯ."

ಹೇಳಿ ಹೊರಟೇಹೋದ. ನೆಲದ ತುಂಬ ಕೆಸರಿನ ಹೆಜ್ಜೆ. ಒರೆಸುವವರು ಯಾರು? ಅವಳೇ! ಒರೆಸುತ್ತಾ ಮನಸಾರೆ ಬೈದಳು. ಬೈಯುವಾಗಲೂ ನಗು ತಡೆದ ಆ ಕಣ್ಣುಗಳು ಮಾತ್ರ ನೆನಪಿನಲ್ಲಿ... ಹೋಗಲಿ ಬಿಡಿ, ಆ ಮಾತು ಈಗಲೇ ಬೇಡ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಡದಲ್ಲಿದೆ ಆ ಜಲಕ್ರೀಡಾ ಶಾಲೆ. ಕಾಂತರಾಜು ಎಂಬ ನಿವೃತ್ತ ಡ್ರಿಲ್ ಮಾಸ್ಟರು ಕಟ್ಟಿದ್ದು. ಈಜು, ತೆಪ್ಪ, ಕಯಾಕ್ ಎನ್ನುವ ಕಿರಿದಾದ ಉದ್ದ ದೋಣಿ, ಎಲ್ಲವನ್ನೂ ಕಲಿಸುವವನು ಮಹೇಂದ್ರ. ಫೋನು ಎತ್ತುವವಳು ಭಾನು.

ಅಯ್ಯೋ, ಆ ಫೋನು!

ಸ್ನಾನಕ್ಕೆ ಹೋದರೆ ಫೋನು, ತುತ್ತು ಬಾಯಿಗಿಟ್ಟರೆ ಫೋನು. "ಸೀರೆ ಉಟ್ಕೊಂಡು ದೋಣಿ ಹತ್ತಬಹುದಾ ಮೇಡಮ್?" "ಅಲ್ಲಿಂದ ಸೋಮನಾಥಪುರ ಎಷ್ಟು ದೂರ?" "ನಮ್ಮ ಯಜಮಾನ್ರು ನೂರಾಹತ್ತು ಕೆಜಿ, ಮುಳುಗಲ್ಲ ತಾನೇ?" ಎಲ್ಲರಿಗೂ ನಗುನಗುತ್ತಾ ಉತ್ತರ ಹೇಳಬೇಕು. ಸಂಜೆ ಬಸ್ಸಿನಲ್ಲಿ ನರಸೀಪುರಕ್ಕೆ ಮರಳುವಾಗ ಕಿಟಕಿಗೆ ತಲೆ ಆನಿಸಿದರೆ ಸಾಕು, ಕಿವಿಯೊಳಗೆ ರಿಂಗಣ ಶುರು. ಕೂತಲ್ಲೇ ನಿದ್ದೆ ಹೋಗಿ ಎಷ್ಟೋ ಸಲ ತನ್ನ ಸ್ಟಾಪು ದಾಟಿ ಇಳಿದಿದ್ದಳು.

ಆದರೆ ಇಡೀ ದಿನದಲ್ಲಿ ಒಂದೇ ಒಂದು ಕರೆ ಅವಳನ್ನು ದಣಿಸುತ್ತಿರಲಿಲ್ಲ.

ಮೊದಲ ದಿನದ ಜಗಳದ ಮೇಲೆ ಅದೊಂದು ಪದ್ಧತಿಯೇ ಆಗಿಹೋಗಿತ್ತು. ನಸುಕಿನಲ್ಲಿ ಮಹೇಂದ್ರ ಹೊಳೆಗೆ ಇಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ಸೆಳವು ನೋಡಿ ಅವಳಿಗೆ ಫೋನು ಮಾಡುವನು. ಅವನು ಹೂಂ ಎಂದರೆ ಅವಳು ಜನಕ್ಕೆ ಬನ್ನಿ ಎನ್ನುವಳು. ಅವನು ಬೇಡ ಎಂದರೆ ಬೇಡ.

"ಹೊಳೆ ತಿಳಿಯಾಗಿ ಅದೆ ಮೇಡಮ್. ಬರ್ಲಿ."

ಶುರುವಿನಲ್ಲಿ ಇಷ್ಟೇ. ಬರುಬರುತ್ತಾ ಬಾಲ ಬೆಳೆಯಿತು.

"ನೀರ್ಕಾಗೆ ಬಂದವೆ, ಸಾಲಾಗಿ ಕೂತವೆ... ಎದ್ರಾ? ದನಿ ಯಾಕ್ ಹಂಗದೆ? ಜ್ವರವಾ?"

"ಇಲ್ಲ ಕಣ್ರೀ, ನಿದ್ದೆ ಸಾಲದು."

"ಇನ್ನೊಂದ್ ಗಳಿಗೆ ಮಲ್ಕಳಿ. ಹೊಳೆ ಎಲ್ಲೂ ಓಗಲ್ಲ."

ಫೋನಿಟ್ಟ ಮೇಲೂ ಹಾಸಿಗೆಯಲ್ಲಿ ಒಬ್ಬಳೇ ನಗುವಳು. ಪಕ್ಕದಲ್ಲಿ ಮಲಗಿದ ತಾಯಿ ರಾಚಮ್ಮನಿಗೆ ಇದೆಲ್ಲ ಗೊತ್ತಾಗುತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಸುಮ್ಮನಿದ್ದಳು. ಮನಸ್ಸಿನ ಮಾತು ಮಾತ್ರ ಇವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರೂ ಹೊಳೆಯ ಮಾತೇ ಆಡಿಕೊಂಡು ಕಾಲ ಕಳೆದರು.

ಹೀಗಿರುವಾಗ ಕಾಂತರಾಜು ಮಾಸ್ಟರು ಒಂದು ದಿನ ಸೀಟಿ ಊದಿದಂತೆ ಘೋಷಿಸಿಬಿಟ್ಟರು.

"ಎಲ್ಲಾ ಆನ್‌ಲೈನ್ ಮಾಡ್ಬಿಡೋಣಮ್ಮ! ಜನ ಮೊಬೈಲಲ್ಲೇ ದಿನ ಬುಕ್ ಮಾಡ್ಲಿ, ಮೊಬೈಲಲ್ಲೇ ದುಡ್ ಕಟ್ಲಿ. ನೀನೇ ನಿಂತು ಮಾಡ್ಸು."

ಮಾಡಿಸಿದಳು. ಹಗಲೆಲ್ಲ ಫೋನಿಗೆ ಉತ್ತರ, ಉಳಿದ ಹೊತ್ತು ಕಂಪ್ಯೂಟರು. ಕಣ್ಣ ಸುತ್ತ ಕಪ್ಪಾಯಿತು, ಅನ್ನ ಸೇರದಾಯಿತು. ಕೊನೆಗೂ ಎಲ್ಲ ಸಿದ್ಧವಾದ ದಿನ ಮಹೇಂದ್ರನ ಮೊಬೈಲಿಗೂ ಆ ಆ್ಯಪ್ ಹಾಕಿ ತೋರಿಸಿದಳು. ಅವಳ ತಲೆ ಆಗ ಸಿಡಿಯುತ್ತಿತ್ತು.

"ನೋಡಿ, ಬೆಳಗ್ಗೆ ಹೊಳೆ ಚೆನ್ನಾಗಿದ್ರೆ ಹಸಿರು ಒತ್ತಿ, ಬೇಡ ಅಂದ್ರೆ ಕೆಂಪು. ಬುಕ್ ಮಾಡಿರೋರಿಗೆಲ್ಲ ತಾನೇ ಮೆಸೇಜ್ ಹೋಗುತ್ತೆ."

ಮಹೇಂದ್ರ ಆ ಎರಡು ಬಣ್ಣಗಳನ್ನೇ ತುಂಬಾ ಹೊತ್ತು ನೋಡಿದ.

"ಅಂಗಾರೆ... ನಾಳೆಯಿಂದ ನಿಮ್ಗೆ ಫೋನ್ ಮಾಡಂಗಿಲ್ವಾ?"

"ಬೇಡಪ್ಪಾ, ಸಾಕಾಗಿದೆ! ಯಾರ ಫೋನೂ ಬೇಡ ನಂಗೆ!"

ತಲೆನೋವು ಆಡಿಸಿದ ಮಾತು. ಅವನ ಕರೆಯೂ ಆ ಲೆಕ್ಕಕ್ಕೆ ಸೇರುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ. ಅವನು "ಸರಿ ಮೇಡಮ್" ಎಂದು ಮೊಬೈಲನ್ನು ಜೇಬಿಗಿಳಿಸಿ ದೋಣಿ ತೊಳೆಯಲು ಹೋದ. ಪುಣ್ಯಾತ್ಮ ಒಂದು ಸಲ ತಿರುಗಿ ಕೇಳಬಾರದಿತ್ತೇ? ಕೇಳಲಿಲ್ಲ.

ಮರುದಿನ ಭಾನು ಏಳೂವರೆಯವರೆಗೆ ನಿದ್ದೆ ಮಾಡಿದಳು. ಎದ್ದಾಗ ಮೈ ಹಗುರಾಗಿತ್ತು, ಮನಸ್ಸು ಮಾತ್ರ ಖಾಲಿ ಖಾಲಿ. ಮೊಬೈಲಿನಲ್ಲಿ ಹಸಿರು ಬಣ್ಣ ತಣ್ಣಗೆ ಕೂತಿತ್ತು.

'ಇಷ್ಟೇನಾ? ಬಟನ್ ಸಿಕ್ಕಿದ್ದೇ ತಡ, ನನ್ನ ದನಿ ಬೇಡವಾಯ್ತಾ ಇವರಿಗೆ?'

ಎದ್ರಾ ಎಂದು ಕೇಳುವವರಿಲ್ಲ. ನೀರ್ಕಾಗೆ ಬಂದವೋ ಇಲ್ಲವೋ ಹೇಳುವವರಿಲ್ಲ. ಆಫೀಸಿನಲ್ಲೂ ಅವನು ತಲೆ ತಗ್ಗಿಸಿ ಓಡಾಡಿದ. ಇವಳೂ ಬಿಗಿದುಕೊಂಡಳು. ಅವನಾಗಿ ಮಾತಾಡಿಸಲಿ ಎಂದು ಇವಳು, ಇವಳೇ ಬೇಡ ಎಂದಳಲ್ಲ ಎಂದು ಅವನು!

ಬುಕಿಂಗ್ ಮಾತ್ರ ಭರ್ಜರಿ. ಕಾಂತರಾಜು ಮಾಸ್ಟರಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನ ನಡುವೆಯೇ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ನಿಟ್ಟುಸಿರು ಬಿಟ್ಟರು.

"ಮಹೇಂದ್ರ ಹೊರಟನಂತಮ್ಮ. ಕಾರವಾರದ ಕಡೆ ಯಾವ್ದೋ ರೆಸಾರ್ಟು. ಒಂದನೇ ತಾರೀಖು ಬತ್ತೀನಿ ಅಂತ ಒಪ್ಕೊಂಡವ್ನೆ."

ಭಾನುವಿನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಯಾಕಂತೆ ಸರ್?"

"ಏನ್ ಕೇಳಿದ್ರೂ, ಇಲ್ಲಿ ನನ್ನ ಅವಶ್ಯಕತೆ ಇಲ್ಲ ಸಾ ಅಂತಾನೆ. ಅವ್ನ ಹೊಟ್ಟೇಲಿ ಏನಿದ್ಯೋ!"

ಒಂದನೇ ತಾರೀಖಿಗೆ ಉಳಿದಿದ್ದುದು ಒಂದೇ ವಾರ. ಆ ವಾರ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಹೋಗಿ ತಡೆಯಲೇ? ಏನೆಂದು ತಡೆಯುವುದು? ಮೂರು ಸಲ ದಡದವರೆಗೆ ನಡೆದು ಹೋದಳು, ಮೂರು ಸಲವೂ "ಲೈಫ್ ಜಾಕೆಟ್ ಎಷ್ಟಿವೆ?" ಎಂದು ಕೇಳಿ ವಾಪಸ್ ಬಂದಳು. ದಣಿದ ಜೀವಕ್ಕೆ ಜಗಳವಾಡುವ ತ್ರಾಣವೂ ಇರಲಿಲ್ಲ.

ಕೊನೆಯ ಭಾನುವಾರ. ಬೆಳಗ್ಗೆ ಆರಾಯಿತು... ಆರೂವರೆಯಾಯಿತು. ಮೊಬೈಲಿನಲ್ಲಿ ಹಸಿರೂ ಇಲ್ಲ, ಕೆಂಪೂ ಇಲ್ಲ!

ಭಾನು ಹಾಸಿಗೆಯಲ್ಲೇ ಎದ್ದು ಕೂತಳು. ಮಹೇಂದ್ರ ಹೊಳೆ ನೋಡದೆ ಇರುವವನಲ್ಲ. ಫೋನು ಹಚ್ಚಿದಳು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಎತ್ತಲಿಲ್ಲ. ಹಿಂದಿನ ದಿನದ ಸುದ್ದಿಯಲ್ಲಿ ಕಪಿಲೆ ಹುಟ್ಟುವ ವಯನಾಡಿನ ಮಳೆಯ ಮಾತಿತ್ತು... ಮೊಣಕಾಲುದ್ದ ನೀರಿಗೆ ಇಳಿದವನು ಕಾಲು ಜಾರಿದ್ದರೆ?

ಎದ್ದವಳೇ ಕೆದರಿದ ತಲೆಯಲ್ಲೇ ಹೊರಗೋಡಿದಳು.

"ಎಲ್ಲಿಗವ್ವಾ? ಒಂದ್ ಲೋಟ ಕಾಪಿನಾದ್ರೂ ಕುಡ್ಕೊಂಡ್ ಓಗು!" ರಾಚಮ್ಮನ ಕೂಗು ಬೀದಿ ತಿರುವಿನವರೆಗೂ ಕೇಳಿತು.

ಆಟೋದಲ್ಲಿ ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ. 'ನಂಜುಂಡೇಶ್ವರ, ಅವರು ಕಾರವಾರಕ್ಕೇ ಹೋಗಲಿ. ನನ್ನ ಜೊತೆ ಜನ್ಮದಲ್ಲಿ ಮಾತಾಡದೆ ಇರಲಿ. ಜೀವಂತ ಇರಲಿ ಅಷ್ಟೇ...'

ದಡದಲ್ಲಿ, ಮಗುಚಿಟ್ಟ ತೆಪ್ಪದ ಮೇಲೆ, ಮಹೇಂದ್ರ ಗುಂಡುಕಲ್ಲಿನಂತೆ ಕೂತಿದ್ದ! ಮೊಬೈಲು ಕೈಯಲ್ಲೇ ಇತ್ತು.

ಅವಳಿಗೆ ಸಮಾಧಾನ, ಸಿಟ್ಟು, ಅಳು, ಮೂರೂ ಒಟ್ಟಿಗೇ ನುಗ್ಗಿ ಬಂದವು.

"ಯಾಕ್ರೀ ಒತ್ತಿಲ್ಲ? ಸತ್ತೇ ಹೋದ್ರೇನೋ ಅಂತ ಬಂದೆ ಕಣ್ರೀ! ಜನ ಮಕ್ಕಳನ್ನ ಕಟ್ಕೊಂಡು ಹೊರಟಿರ್ತಾರೆ, ಅವರ ಗತಿ ಏನು?"

"ಏನ್ ಒತ್ಲಿ ಮೇಡಮ್?" ಅವನ ದನಿಯೂ ಸೋತಿತ್ತು. "ಈಗ ನೀರು ತಣ್ಣಗದೆ. ಮೇಲೆ ಅಣೆಕಟ್ಟೇಲಿ ರಾತ್ರಿ ಗೇಟ್ ಎತ್ತವ್ರಂತೆ. ಹತ್ತು ಗಂಟೆ ಮೇಲೆ ಆ ನೀರು ಇಲ್ಲಿಗ್ ಬತ್ತದೆ. ಬೆಳಗಿನೋರು ಬರ್ಬೋದು, ಆಮೇಲಿನೋರು ಬರಂಗಿಲ್ಲ, ಚಿಕ್ ಮಕ್ಕಳಂತೂ ಬ್ಯಾಡವೇ ಬ್ಯಾಡ. ಇದು ಹಸಿರೂ ಅಲ್ಲ, ಕೆಂಪೂ ಅಲ್ಲ. ಇಷ್ಟೆಲ್ಲಾ ಹೇಳಕ್ಕೆ ಬಟನ್ ಎಲ್ಲದೆ?"

"ಗೊತ್ತಾಗಲಿಲ್ಲ ಅಂದ್ರೆ ಕೆಂಪು ಒತ್ತೋದಲ್ವಾ? ಇಲ್ಲ, ನಂಗೊಂದು ಫೋನ್ ಮಾಡೋದಲ್ವಾ?"

"ಫೋನ್ ಬ್ಯಾಡ ಅಂದ್ರಲ್ಲ ನೀವು. ದಿನಾ ನನ್ನ ದನಿ ಕೇಳಿ ಕೇಳಿ ಬೇಜಾರಾಗಿ ಈ ಬಟನ್ ಮಾಡ್ಸುದ್ರಿ ಅಂದ್ಕಂಡೆ."

ಇಷ್ಟು ದಿನದ ಮೌನ, ಕಾರವಾರ, ಎಲ್ಲಾ... ಅವಳ ಒಂದು ಮಾತಿಗಾ!

"ಅಯ್ಯೋ ದೇವರೇ... ನಿಮ್ಮ ಫೋನ್ ಯಾರ್ರೀ ಬೇಡ ಅಂದಿದ್ದು? ಊರವರ ಫೋನ್ ಬೇಡ ಅಂದೆ. ನೂರಾಹತ್ತು ಕೆಜಿ ಯಜಮಾನರ ಫೋನ್ ಬೇಡ ಅಂದೆ!" ಕಣ್ಣೀರು ಧಾರಾಕಾರ ಇಳಿಯಿತು. "ಅಷ್ಟು ಸುಸ್ತಲ್ಲೂ ನಾನು ಬೆಳಗ್ಗೆ ಏಳ್ತಿದ್ದಿದ್ದೇ ನೀವು ಫೋನ್ ಮಾಡ್ತೀರಿ ಅಂತ. ಈಗ ಏಳೋಕೇ ಮನಸ್ಸಿಲ್ಲ ಗೊತ್ತಾ?"

ಮಹೇಂದ್ರ ಮೆಲ್ಲಗೆ ಎದ್ದು ನಿಂತ.

"ಈಗ ನಾನು ಮಾಡಿದ್ರೂ ಯಾಕೆ ಎತ್ತಲಿಲ್ಲ?" ಅವಳು ಬಿಡಲಿಲ್ಲ.

"ನಿಮ್ ಹೆಸ್ರು ಕಾಣುಸ್ತು... ಎತ್ತುದ್ರೆ ಕಾರವಾರಕ್ ಓಗಕ್ಕಾಗಲ್ಲ ಅನ್ಸ್ತು. ತಪ್ಪಾಯ್ತು. ಜನದ ವಿಚಾರ್ದಲ್ಲಿ ಹಿಂಗ್ ಹಟ ಮಾಡ್ಬಾರ್ದಿತ್ತು."

"ಮಾಡ್ಬಾರದಿತ್ತು! ಇನ್ಮೇಲೆ ಜನಕ್ಕೆ ಬಟನ್ ಒತ್ತಿ. ನಂಗೆ ಫೋನ್ ಮಾಡಿ. ಹಸಿರಾದ್ರೂ ಮಾಡಿ, ಕೆಂಪಾದ್ರೂ ಮಾಡಿ."

ಗೇಟಿನ ಬಳಿ ಕಾರೊಂದು ಹಾರ್ನ್ ಹೊಡೆಯಿತು. ಹಿಂದೆಯೇ ಇನ್ನೊಂದು. ಭಾನು ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಅಲ್ಲೇ ನಿಂತು ಬುಕಿಂಗ್ ನೋಡಿದಳು. ಹತ್ತರ ಮೇಲಿನವರಿಗೆಲ್ಲ ಒಬ್ಬೊಬ್ಬರಿಗೂ ತಾನೇ ಫೋನು ಮಾಡಿ ಇವತ್ತು ಬೇಡ ಎಂದಳು. ಚಿಕ್ಕ ಮಕ್ಕಳನ್ನು ಕರೆತಂದವರಿಗೆ ಗೇಟಿನಲ್ಲೇ ಕೈ ಮುಗಿದು ಕ್ಷಮೆ ಕೇಳಿದಳು. ಒಬ್ಬರು ರೇಗಿದರು, ಇನ್ನೊಬ್ಬರು ದೇವಸ್ಥಾನಕ್ಕಾದರೂ ಹೋಗೋಣ ಎಂದು ಗಾಡಿ ತಿರುಗಿಸಿದರು. ಉಳಿದವರನ್ನು ಮಹೇಂದ್ರ ನೀರಿಗಿಳಿಸಿ, ಹತ್ತಕ್ಕೆ ಮುಂಚೆಯೇ ದಡ ಸೇರಿಸಿದ. ಸ್ವಲ್ಪ ಹೊತ್ತಿಗೆಲ್ಲ ಹೊಳೆ ಅವನಂದಂತೆಯೇ ಕೆಂಪಗೆ ಉಕ್ಕಿ ಬಂತು.

ಭಾನು ಮೆಟ್ಟಿಲ ಮೇಲೆ ಕುಸಿದು ಕೂತಳು. ಕಾಫಿಯಿಲ್ಲ, ತಿಂಡಿಯಿಲ್ಲ, ಮೈಯಲ್ಲಿ ಶಕ್ತಿಯಿಲ್ಲ. ಮಹೇಂದ್ರ ಬಂದು ಪಕ್ಕದಲ್ಲಿ, ತುಸು ಅಂತರ ಬಿಟ್ಟು ಕೂತ. ಅವಳೇ ಆ ಅಂತರ ದಾಟಿ ಅವನ ಭುಜಕ್ಕೆ ತಲೆ ಆನಿಸಿದಳು. ಅವನು ಉಸಿರು ಬಿಗಿಹಿಡಿದು ಕೂತ.

"ಹೋಗಬೇಡಿ," ಎಂದಳು, ಕಣ್ಣು ಮುಚ್ಚಿಕೊಂಡೇ. "ನೀವಂದ್ರೆ ನಂಗಿಷ್ಟ. ತುಂಬಾ ಇಷ್ಟ. ಇದನ್ನ ಸುತ್ತಿ ಬಳಸಿ ಹೇಳೋಕೂ ಶಕ್ತಿಯಿಲ್ಲ ಇವತ್ತು."

"ನಂಗೂ... ಮೊದಲ್ನೇ ದಿನದಿಂದ್ಲೂವೆ." ಅವನು ಹೊಳೆಯತ್ತ ನೋಡಿದ. "ಹೇಳಕ್ಕೆ ಧೈರ್ಯ ಸಾಲ್ದು ಅಂತ ದಿನಾ ಹೊಳೆ ವಿಚಾರ ಹೇಳ್ತಿದ್ದೆ."

"ಮತ್ತೆ ಕಾರವಾರದವರಿಗೆ?"

ಮಹೇಂದ್ರ ಅಲ್ಲೇ ಫೋನು ತೆಗೆದು ಕಾರವಾರಕ್ಕೆ ಹಚ್ಚಿದ.

"ಸಾ, ನಾನು ಮಹೇಂದ್ರ, ನರಸೀಪುರದ ಕಡೆಯೋನು. ತಪ್ಪು ತಿಳ್ಕಬ್ಯಾಡಿ ಸಾ, ಬರಕ್ಕಾಗಲ್ಲ ನಾನು... ಮದ್ವೆ ಅದೆ ಸಾ."

ಆ ಕಡೆಯಿಂದ ಏನೋ ಕೇಳಿದರು. ಮಹೇಂದ್ರ ಫೋನಿಗೆ ಅಂಗೈ ಮುಚ್ಚಿ ಅವಳತ್ತ ನೋಡಿದ. ಕಿವಿಯೆಲ್ಲ ಕೆಂಪಾಗಿತ್ತು.

"ಯಾರ್ ಮದ್ವೆ ಅಂತ ಕೇಳ್ತಾವ್ರೆ..."

ಭಾನು ತಲೆ ಎತ್ತಿ ಅವನ ಮುಖವನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಮನಸ್ಸು ತುಂಬಿ ನಗು ಬಂತು.

"ನಮ್ಮದು ಅನ್ರೀ!"

"ಯಾವಾಗ ಅಂದ್ರೆ?"

"ಹೊಳೆ ಇಳೀಲಿ, ಆಮೇಲೆ ಅನ್ನಿ," ಎಂದು ಅವಳು ಮತ್ತೆ ಅವನ ಭುಜಕ್ಕೆ ಒರಗಿದಳು. "ಈಗ ಸುಮ್ನೆ ಕೂತಿರಿ. ನಂಗೆ ನಿದ್ದೆ ಬರ್ತಿದೆ."