ನರ್ಸಣ್ಣನ ಮೇಲೊಂದು ಗುಮಾನಿ

ಟೀಚರ್‌ಗೆ ಅವನ ಮೇಲೆ ಗುಮಾನಿ ಹುಟ್ಟಿದ್ದು ಅಜ್ಜಿಯ ಕಾಲು ನೋಡಿದ ದಿನ. ತಿಂಗಳುಗಟ್ಟಲೆ ಬೆಳೆದು ಸೊಟ್ಟಗಾಗಿದ್ದ ಉಗುರುಗಳನ್ನು ಯಾರೋ ಒಪ್ಪವಾಗಿ ಕತ್ತರಿಸಿದ್ದರು. ಒಡೆದ ಹಿಮ್ಮಡಿಗೆ ಮುಲಾಮು ಬೇರೆ.

“ಯಾರಜ್ಜಿ ಮಾಡಿದ್ದು?”

“ನಮ್ಮ ನರ್ಸಣ್ಣ. ಶನಿವಾರ ಮಧ್ಯಾಹ್ನ ಚರ್ಚ್ ಹಾಲಲ್ಲಿ ವಯಸ್ಸಾದವ್ರಿಗೆಲ್ಲ ಮಾಡ್ತಾನೆ. ಎಷ್ಟು ಮೆತ್ತಗಿನ ಕೈ ಅಂತೀಯ!”

ನರ್ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ಈ ಚರ್ಚಿನ ಸಭೆಗೆ ಸೇರಿ ಇನ್ನೂ ಎಂಟು ತಿಂಗಳು. ಸಭೆಯ ಕಾರ್ಯದರ್ಶಿ ಸ್ಥಾನಕ್ಕೆ ಟೀಚರ್ ಎದುರು ನಿಂತಿದ್ದವನೂ ಅವನೇ. ಆ ಕುರ್ಚಿಯಲ್ಲಿ ಅವಳ ಅಪ್ಪ ಹನ್ನೆರಡು ವರ್ಷ ಕೂತಿದ್ದರು. ಅವರು ತೀರಿಕೊಂಡ ಮೇಲೆ ಅದು ತನಗೇ ಬರಬೇಕೆಂದು ಅವಳು ಹಟ ಹಿಡಿದಿದ್ದಳು.

“ಓಟು ಕೇಳಿದ್ನಾ?”

“ಕಾಲು ಕೇಳಿದ,” ಎಂದಳು ಅಜ್ಜಿ.

ಟೀಚರ್‌ಗೆ ನಗು ಬರಲಿಲ್ಲ. ಸಭೆಯಲ್ಲಿ ವಯಸ್ಸಾದವರ ಓಟೇ ಹೆಚ್ಚು. ಎಂಥ ಪಾಕಡಾ ಮನುಷ್ಯ!

ಮುಂದಿನ ಶನಿವಾರ ಚರ್ಚ್ ಹಾಲ್‌ನ ಕಿಟಕಿಯಾಚೆ ನಿಂತು ಕಿವಿ ನಿಮಿರಿಸಿದಳು. ಅವನು ನೆಲದ ಮೇಲೆ ಕೂತು, ನಿವೃತ್ತ ಡ್ರೈವರ್ ತಾತನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒಡೆದ ಹಿಮ್ಮಡಿ ತೊಳೆಯುತ್ತಿದ್ದ. ಮಡಚಿದ ತೋಳು, ಹಣೆಗೆ ಬಿದ್ದ ಕೂದಲು. ನೋಡಬಾರದೆಂದುಕೊಂಡೇ ನೋಡಿದಳು.

“ಒಳಗೇ ಬನ್ನಿ ಟೀಚರ್,” ಎಂದ, ತಲೆ ಎತ್ತದೆ. “ಅಲ್ಲಿ ಬಿಸಿಲು.”

ಸಿಕ್ಕಿಬಿದ್ದ ಸಿಟ್ಟಿಗೆ ಒಳಗೆ ಬಂದವಳೇ ನೇರ ಕೇಳಿದಳು. “ಇದೆಲ್ಲ ಓಟಿಗಾ?”

ತಾತ ಬೆಚ್ಚಿ ಕಾಲೆಳೆದುಕೊಳ್ಳಲು ನೋಡಿದರು. ಅವನು ಬಿಡಲಿಲ್ಲ.

“ಕಾರ್ಯದರ್ಶಿ ಆಗೋ ಆಸೆ ಇದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಮೆಟ್ಟಿಲು ಹತ್ತೋಕಾಗದೆ ಆರು ಜನ ಚರ್ಚಿಗೆ ಬರೋದೇ ಬಿಟ್ಟಿದ್ದಾರೆ. ಒಂದು ಇಳಿಜಾರು ಕಟ್ಟಿಸ್ಬೇಕು. ನೀವ್ಯಾಕೆ ನಿಂತಿದ್ದೀರಿ?”

“ಅದು ನಮ್ಮಪ್ಪನ...” ಅಪ್ಪನ ಕುರ್ಚಿ ಎಂಬುದಕ್ಕಿಂತ ಮುಂದೆ ಅವಳ ಬಳಿ ಏನೂ ಇರಲಿಲ್ಲ.

ಅವನು ಬೇಸಿನ್ ಮುಂದಕ್ಕೆ ತಳ್ಳಿದ. “ನೀರು ಆರಿದೆ. ಬದಲಾಯಿಸಿ ಕೊಡ್ತೀರಾ?”

ಕಣ್ಣಲ್ಲಿ ತುಂಟತನ. ಬಿಸಿನೀರು ತಂದುಕೊಡುವಾಗ ಬೆರಳಿಗೆ ಬೆರಳು ತಾಕಿತು. ಇದೂ ಅವನ ಉಪಾಯವೇ ಇರಬೇಕು ಎಂದುಕೊಂಡಳು. ಕೆನ್ನೆ ಬಿಸಿಯಾದ ತಪ್ಪು ಮಾತ್ರ ಅವನ ಮೇಲೆ ಹೊರಿಸುವಂತಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಚುನಾವಣೆ ನಡೆಯಿತು. ಹನ್ನೊಂದು ಓಟಿನಿಂದ ಟೀಚರ್ ಗೆದ್ದಳು. ಅವನು ಎಲ್ಲರೆದುರು ಕೈಕುಲುಕಿ, “ಇಳಿಜಾರು ಮರೀಬೇಡಿ,” ಎಂದು ಹೊರಟುಹೋದ. ಸೋತವನು ಇನ್ನು ಶನಿವಾರ ಬರುತ್ತಾನೆಯೇ? ಬಾರದಿದ್ದರೆ ಅವಳ ಗುಮಾನಿಯೇ ನಿಜ. ತಾನು ಹೇಳಿದ್ದು ಸುಳ್ಳಾಗಲಿ ಎಂದು ಅವಳು ಪ್ರಾರ್ಥಿಸಿದ್ದು ಅದೇ ಮೊದಲು.

ಶನಿವಾರ ಮೂರು ಗಂಟೆಗೆ ಬೆಂಚುಗಳು ತುಂಬಿದ್ದವು. ಅವನಿಲ್ಲ. ಮೂರೂವರೆಯಾದರೂ ಇಲ್ಲ. ನಾನು ಹೇಳಿರಲಿಲ್ವಾ ಎನ್ನಬೇಕಾಗಿದ್ದ ಟೀಚರ್‌ಗೆ ಅಳು ಒತ್ತರಿಸಿ ಬಂತು. ಅದನ್ನು ನುಂಗಿ, ಬೇಸಿನ್ ತುಂಬಿಸಿ ತಂದು, ಕತ್ತರಿ ಹಿಡಿದು ಡ್ರೈವರ್ ತಾತನ ಕಾಲ ಬುಡದಲ್ಲಿ ಕೂತಳು.

“ಹುಷಾರಮ್ಮ,” ಎಂದರು ತಾತ. “ಉಗುರು ಮಾತ್ರ ತೆಗಿ, ಬೆರಳು ನಂಗೆ ಬೇಕು.”

ಎರಡನೇ ಬೆರಳಿಗೆ ಬರುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಏದುಸಿರು ಬಿಡುತ್ತ ಅವನು ನಿಂತಿದ್ದ.

“ಹಾಸಿಗೆ ಹಿಡಿದ ಒಬ್ಬರ ಮನೇಲಿ ತಡವಾಯ್ತು. ಬರಲ್ಲ ಅಂದ್ಕೊಂಡ್ರಾ?”

“ಹೂಂ.”

“ಈಗಲಾದ್ರೂ ಅನುಮಾನ ಹೋಯ್ತಾ?”

“ಅದು ಹೋಯ್ತು. ಹೊಸದೊಂದು ಬಂತು.” ಅವಳ ದನಿ ಸಣ್ಣಗಾಯಿತು. “ನೀವು ಬಂದಿದ್ದು ಇವರಿಗೋಸ್ಕರಾನೋ, ನನಗೋಸ್ಕರಾನೋ?”

ಬೆಂಚುಗಳೆಲ್ಲ ಮುಂದಕ್ಕೆ ಬಾಗಿದವು. ಅವನು ಪಕ್ಕದಲ್ಲಿ ಮಂಡಿಯೂರಿ ಅವಳ ಕೈಯಿಂದ ಕತ್ತರಿ ತೆಗೆದುಕೊಂಡ. ಕೈ ಮಾತ್ರ ಬಿಡಲಿಲ್ಲ.

“ಬಂದಿದ್ದು ಇವರಿಗೋಸ್ಕರ,” ಎಂದ. “ಓಡಿ ಬಂದಿದ್ದು ನಿಮಗೋಸ್ಕರ.”