ಬಸವನಹುಳು ಜಾರಿದ ಮಧ್ಯಾಹ್ನ

“ಜಾರ್ತಿದೆ! ಅಯ್ಯಯ್ಯೋ, ಜಾರ್ತಿದೆ!”

ಚೂಟಿ ಬಾಲ್ಕನಿಯಲ್ಲಿ ಮಂಡಿಯೂರಿ ಎರಡೂ ಅಂಗೈಗಳನ್ನು ಚಿತ್ರದ ಕೆಳಗೆ ಒಡ್ಡಿದಳು. ಚಿತ್ರದೊಳಗಿನ ಬಸವನಹುಳು ಅವಳ ಮಾತು ಕೇಳಬೇಕಲ್ಲ! ಬೆಳಿಗ್ಗೆ ಗೋಡೆಯ ನೆತ್ತಿಯ ಮೇಲೆ ಕೊಂಬು ಚಾಚಿಕೊಂಡು ಕೂತಿದ್ದದ್ದು ಈಗ ಅರ್ಧ ಗೋಡೆ ಇಳಿದಿತ್ತು. ಅದರ ಜೊತೆಗೆ ಹಸಿರು ಪಾಚಿಯೂ ಮಂಚದಿಂದ ಜಾರುವ ಹೊದಿಕೆಯ ಹಾಗೆ ಸುಕ್ಕುಗಟ್ಟಿ ಕೆಳಗೆ ಬರುತ್ತಿತ್ತು.

ಹಿಡಿದು ನಿಲ್ಲಿಸೋಣ ಅಂತ ಹೆಬ್ಬೆರಳು ಒತ್ತಿದಳು. ಬೆಣ್ಣೆಗೆ ಒತ್ತಿದ ಹಾಗೆ ಬೆರಳು ಒಳಗೇ ಹೋಯಿತು.

ಚಿತ್ರ ಚಿಕ್ಕಮ್ಮನದು. ಚಿಕ್ಕಮ್ಮ ಟ್ಯೂಬಿನ ಬಣ್ಣದಲ್ಲಿ ಬರೆಯುವವಳಲ್ಲ. ಕರೆಂಟ್ ಒಲೆಯ ಮೇಲೆ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಜೇನುಮೇಣ ಕರಗಿಸಿ, ಬಣ್ಣದ ಪುಡಿ ಕಲಸಿ, ಬಿಸಿ ಇರುವಾಗಲೇ ಮರದ ಹಲಗೆಗೆ ಬಳಿಯುತ್ತಾಳೆ. ಪದರದ ಮೇಲೆ ಪದರ. ಯಾವುದನ್ನು ಬರೆಯಲಿ ಅಂತ ಹುಡುಕುತ್ತಾ ದಾರಿಯಲ್ಲಿ ಸಿಕ್ಕ ತೊಗಟೆ, ಒಣಗಿದ ಎಲೆ, ಹಕ್ಕಿಯ ಪುಕ್ಕ ಎಲ್ಲವನ್ನೂ ಮನೆಗೆ ತರುತ್ತಾಳೆ. “ಬೇರೆಯವರ ಮನೇಲಿ ಕಸ ಹೊರಗೆ ಹೋಗುತ್ತೆ, ನಮ್ಮನೇಲಿ ಒಳಗೆ ಬರುತ್ತೆ” ಅಂತ ಅಮ್ಮ ರೇಗಿಸುವುದುಂಟು.

ಈ ಸಲ ಮೆಟ್ಟಿಲ ಹಿಂದಿನ ಒದ್ದೆ ಗೋಡೆಯೇ ಚಿತ್ರವಾಗಿತ್ತು. ಲೈಬ್ರರಿಯವರು ತಮ್ಮ ದೊಡ್ಡ ಹಾಲಿಗೆ ಬೇಕು ಅಂದಿದ್ದರು. ಚಿಕ್ಕಮ್ಮನ ಚಿತ್ರ ಬೇರೆ ಕಡೆಯ ಗೋಡೆ ಏರುವುದು ಇದೇ ಮೊದಲು. ಸಂಜೆ ಫ್ರೇಮ್ ಅಂಗಡಿಯ ಮಾಮ ವ್ಯಾನ್ ತರುವವನಿದ್ದ.

ಬೆಳಿಗ್ಗೆ ಚಿಕ್ಕಮ್ಮ ಫೋನಿನಲ್ಲಿ ಹೇಳುತ್ತಿದ್ದದ್ದು ಚೂಟಿಯ ಕಿವಿಗೆ ಬಿದ್ದಿತ್ತು. “ಹೌದು ಮೇಡಂ, ಲೇಟಾಗೋಯ್ತು. ಮಗೂಗೆ ಹುಷಾರಿರಲಿಲ್ಲ. ಇವತ್ತು ಸಂಜೆ ಖಂಡಿತ.”

ಆ ಮಗು ಅಂದರೆ ಚೂಟಿಯೇ. ಹೋದ ವಾರ ಜ್ವರ ಬಂದು ಮಲಗಿದ್ದಳು. ಅಮ್ಮನಿಗೆ ಆಫೀಸಲ್ಲಿ ರಜೆ ಸಿಗಲಿಲ್ಲ. ಹಗಲೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಚಿಕ್ಕಮ್ಮ. ಒಂದು ಥ್ಯಾಂಕ್ಸ್ ಹೇಳೋಣ ಅಂದರೆ ಚೂಟಿಗೆ ಎಂಥದೋ ನಾಚಿಕೆ. ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ? ಅದರ ಬದಲು ಏನಾದರೂ ಕೆಲಸ ಮಾಡಿಕೊಡಬೇಕು. ಸ್ಕೂಲಲ್ಲಿ ಡ್ರಾಯಿಂಗ್ ಮಿಸ್ ಎಲ್ಲರ ಪೇಂಟಿಂಗನ್ನೂ ಕಿಟಕಿಯ ಬಿಸಿಲಿಗೆ ಇಡಿಸುತ್ತಾರಲ್ಲ, ಬೇಗ ಒಣಗಲಿ ಅಂತ? ಚಿಕ್ಕಮ್ಮ ಅಂಗಡಿಗೆ ಹೋದದ್ದೇ ತಡ, ಚೂಟಿ ಹಲಗೆ ಹೊತ್ತು ಬಾಲ್ಕನಿಗೆ ತಂದಿದ್ದಳು.

ಬಾಗಿಲಲ್ಲಿ ಬೀಗದ ಕೈ ಸದ್ದಾಯಿತು.

ಚೂಟಿ ಹಲಗೆಯನ್ನು ಎಳೆದುಕೊಂಡು ಒಳಗೆ ಓಡಿ ಮೇಜಿನ ಮೇಲೆ ಮಲಗಿಸಿದಳು.

“ಬಬಲ್ ರ‍್ಯಾಪ್ ಸಿಕ್ತು ಕಣೇ! ಒಂದೇ ಒಂದು ಗುಳ್ಳೆ ಒಡೆದ್ರೂ ನಿನ್ನ ಕಿವಿ ನನ್ನ ಕೈಲಿರುತ್ತೆ, ಜೋಕೆ!” ಅನ್ನುತ್ತಾ ಚಿಕ್ಕಮ್ಮ ಬಂದಳು. ಬಂದವಳು ಅಲ್ಲೇ ನಿಂತಳು.

‘ಬೆಕ್ಕು ಬಂದಿತ್ತು’ ಅನ್ನುವ ಮಾತು ಚೂಟಿಯ ನಾಲಿಗೆಯ ತುದಿಗೆ ಬಂತು. ಆದರೆ ಪಾಚಿಯ ನಡುವೆ ಅಚ್ಚೊತ್ತಿದ ಹಾಗೆ ಒಂದು ಗುರುತು ಕೂತಿತ್ತು. ಬೆಕ್ಕಿಗೆ ಹೆಬ್ಬೆರಳು ಎಲ್ಲಿಂದ ಬರಬೇಕು?

“ಬಿಸಿಲಿಗೆ ಇಟ್ಟೆ ಚಿಕ್ಕಮ್ಮ,” ಅಂದಳು. “ಬೇಗ ಒಣಗಲಿ ಅಂತ.”

“ಒಣಗಲಿ ಅಂತ.” ಚಿಕ್ಕಮ್ಮ ಕುರ್ಚಿ ಎಳೆದು ಕೂತಳು. “ಮೇಣ ಒಣಗಲ್ವೇ ಮಾರಾಯ್ತಿ! ಕಾಸಿದ್ರೆ ಕರಗುತ್ತೆ, ಬಿಟ್ರೆ ಗಟ್ಟಿಯಾಗುತ್ತೆ, ಅಷ್ಟೇ. ಮೇಣಾನ ಬಿಸಿಲಿಗೆ ಇಡೋದೂ ಒಂದೇ, ಹಾಲಿಗೆ ಬೆಕ್ಕಿನ ಕಾವಲು ಇಡೋದೂ ಒಂದೇ.”

ಮಾತು ತಮಾಷೆಯದಾದರೂ ಮುಖದಲ್ಲಿ ತಮಾಷೆ ಇರಲಿಲ್ಲ. ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನೀರು ಸುಮ್ಮನೆ ಹರಿಯುತ್ತಲೇ ಇತ್ತು. ಪಾತ್ರೆ ತೊಳೆಯುವ ಸದ್ದಂತೂ ಬರಲಿಲ್ಲ. ಚೂಟಿಗೆ ಅನ್ನಿಸಿತು, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ನಲ್ಲಿ ನಿಂತಿತು. ಚಿಕ್ಕಮ್ಮ ಮುಖ ಒರೆಸಿಕೊಳ್ಳುತ್ತಾ ಬಂದು ಚಿತ್ರದ ಮೇಲೆ ಬಗ್ಗಿದಳು.

“ಬಸವನಹುಳು ಇಷ್ಟು ಫಾಸ್ಟಾಗಿ ಓಡಿದ್ದನ್ನ ನಾನು ಹುಟ್ಟಿದ್ಮೇಲೆ ಇವತ್ತೇ ನೋಡಿದ್ದು.”

ಚೂಟಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಮೂಗಿನಿಂದ ವಿಚಿತ್ರ ಸದ್ದು ಹೊರಟಿತು.

“ಸಾಕು, ಮೂಗು ಒರೆಸ್ಕೋ. ಒಲೆ ಸ್ವಿಚ್ ಹಾಕು. ಹಸಿರು ಡಬ್ಬಿ, ಕಂದು ಡಬ್ಬಿ ಎರಡೇ ಸಾಕು. ಆಮೇಲೆ ದೂರ ನಿಲ್ಲಬೇಕು.”

ಚಿಕ್ಕಮ್ಮ ಚಪ್ಪಟೆ ಅಲಗಿನಿಂದ ಸುಕ್ಕಾದ ಪಾಚಿಯನ್ನು ಮೆಲ್ಲಗೆ ಎಬ್ಬಿಸಿದಳು. ಬಾಳೆಹಣ್ಣಿನ ಸಿಪ್ಪೆ ಬಂದ ಹಾಗೆ ಅದು ಸಲೀಸಾಗಿ ಎದ್ದು ಬಂತು. ಅವಳ ಹುಬ್ಬು ಗಂಟಾಯಿತು.

“ಹೀಗೆ ಬರಬಾರದು. ಒಂದೊಂದು ಪದರ ಹಾಕಿದ್ಮೇಲೂ ಹೀಟ್ ಗನ್ ಹಿಡಿದು ಕೆಳಗಿನ ಪದರಕ್ಕೆ ಬೆಸೀಬೇಕು. ಇದನ್ನ ನಾನು ಬೆಸೆದೇ ಇಲ್ಲ ನೋಡು. ಇವತ್ತಲ್ಲದಿದ್ರೆ ನಾಳೆ, ಲೈಬ್ರರೀಲಿ ಎಲ್ಲರ ಕಣ್ಣೆದುರೇ ಬಿದ್ದುಹೋಗ್ತಿತ್ತು. ತಪ್ಪು ನಿಂದೊಂದೇ ಅಲ್ಲ ಬಿಡು.”

ಚೂಟಿ ಕತ್ತು ಚಾಚಿದಳು. ಸಿಪ್ಪೆ ಎದ್ದ ಜಾಗದಲ್ಲಿ ಒಳಗಿನ ಪದರ ಕಾಣುತ್ತಿತ್ತು. ಕಂದು ಗೋಡೆ, ಅದರ ಮೇಲೆ ಉದ್ದುದ್ದ ಹಸಿರು ಗೆರೆಗಳು. ಎಲ್ಲವೂ ಅಂಚಿನವರೆಗೆ ಹೋಗಿದ್ದವು. ಒಂದು ಮಾತ್ರ ಅರ್ಧ ದಾರಿಯಲ್ಲೇ ಗಕ್ಕನೆ ನಿಂತಿತ್ತು.

“ಈ ಗೆರೆ ಯಾಕೆ ಹೀಗೆ ನಿಂತುಬಿಟ್ಟಿದೆ?”

“ಬ್ರಷ್ ನಿಂತ್ರೆ ಮೇಣಾನೂ ನಿಲ್ಲುತ್ತೆ. ನಮಗೋಸ್ಕರ ಅದು ಕಾಯಲ್ಲ.” ಚಿಕ್ಕಮ್ಮ ಡಬ್ಬಿ ಕಲಕುತ್ತಾ ಹೇಳಿದಳು. “ಯಾರೋ ಕರೆದಿರಬೇಕು.”

ಚೂಟಿ ಆ ಗೆರೆಯನ್ನೇ ನೋಡಿದಳು.

ಹೋದ ವಾರ ಜ್ವರದಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ಹೊಟ್ಟೆ ತೊಳಸಿ ‘ಚಿಕ್ಕಮ್ಮಾ’ ಅಂತ ಕೂಗಿದ್ದು ನೆನಪಾಯಿತು. ಕೂಗು ಬಾಯಿಂದ ಪೂರ್ತಿ ಹೊರಡುವ ಮೊದಲೇ ಚಿಕ್ಕಮ್ಮ ಬಕೆಟ್ ಹಿಡಿದು ಎದುರಿಗಿದ್ದಳು. ಮೈಯಿಂದ ಜೇನುಮೇಣದ ವಾಸನೆ ಬರುತ್ತಿತ್ತು. ಅವಳು ಎಲ್ಲಿಂದ ಎದ್ದು ಬಂದಳು, ಏನು ಬಿಟ್ಟು ಬಂದಳು ಅಂತ ಚೂಟಿ ಆಗ ಯೋಚಿಸಿರಲೇ ಇಲ್ಲ. ಕರೆದರೆ ಚಿಕ್ಕಮ್ಮ ಬರುತ್ತಾಳೆ, ಅಷ್ಟೇ ಗೊತ್ತಿದ್ದದ್ದು.

ಕೆಲಸ ಸಾಗಿತು. ಹೀಟ್ ಗನ್ನಿನ ಬಿಸಿ ಗಾಳಿಗೆ ಮೇಣ ಒಮ್ಮೆ ಹೊಳೆದು, ಒಂದರೊಳಗೊಂದು ಸೇರಿಕೊಂಡಿತು. ಹೆಬ್ಬೆರಳ ಗುರುತೂ ಕರಗಿ ಮಾಯವಾಯಿತು. ಬಸವನಹುಳುವನ್ನು ಜಾರಿ ನಿಂತಲ್ಲೇ ಬಿಟ್ಟು, ಸೊಟ್ಟಗಾಗಿದ್ದ ಕೊಂಬನ್ನು ಮಾತ್ರ ಚಿಕ್ಕಮ್ಮ ನೆಟ್ಟಗೆ ಮಾಡಿದಳು. ಮತ್ತೆ ಹಸಿರಿನಲ್ಲಿ ಬ್ರಷ್ ಅದ್ದಿ, ಸಿಪ್ಪೆ ಎದ್ದ ಜಾಗಕ್ಕೆ ಒಯ್ದಳು.

“ಅದನ್ನ ಮುಚ್ಚಲೇಬೇಕಾ?” ಅಂದಳು ಚೂಟಿ.

ಚಿಕ್ಕಮ್ಮ ಅವಳ ಮುಖ ನೋಡಿದಳು. ಬ್ರಷ್ಷಿನ ತುದಿಯ ಮೇಣ ಗಾಳಿಯಲ್ಲೇ ಗಟ್ಟಿಯಾಯಿತು. ಅವಳು ಅದನ್ನು ಡಬ್ಬಿಗೆ ಇಳಿಸಿ, ಆ ಜಾಗಕ್ಕೆ ಬರೀ ಬಿಸಿ ಗಾಳಿ ಹಿಡಿದಳು.

ಮೇಣ ಆರಿದ ಮೇಲೆ ಚೂಟಿ ಹಳೇ ಹತ್ತಿ ಬಟ್ಟೆಯಿಂದ ಚಿತ್ರವನ್ನು ಮೆಲ್ಲಗೆ ಉಜ್ಜಿದಳು. ಪಾಚಿ ಆಗಷ್ಟೇ ಮಳೆಯಲ್ಲಿ ನೆಂದ ಹಾಗೆ ಹೊಳೆಯತೊಡಗಿತು.

ಹೊತ್ತಿಗೆ ಸರಿಯಾಗಿ ಫ್ರೇಮ್ ಮಾಮ ಬಂದ. ಚಿತ್ರದ ಮುಂದೆ ಕೈ ಕಟ್ಟಿ ನಿಂತ.

“ಏನಮ್ಮಾ, ಹೋದ ಸಲ ನೋಡಿದಾಗ ಹುಳು ಮೇಲಿತ್ತಲ್ಲ?”

“ನಡ್ಕೊಂಡು ಬಂತು ಅಣ್ಣ,” ಅಂದಳು ಚಿಕ್ಕಮ್ಮ.

“ಅದೂ ಸರಿಯೇ, ಎಷ್ಟು ದಿನ ಅಂತ ಒಂದೇ ಕಡೆ ಕೂತಿರುತ್ತೆ!” ಮಾಮ ನಕ್ಕು, ಕಣ್ಣು ಕಿರಿದು ಮಾಡಿ ಇನ್ನೂ ಹತ್ತಿರ ಬಗ್ಗಿದ. “ಆದ್ರೆ ಇಲ್ಲೊಂದು ಗೆರೆ ಅರ್ಧಕ್ಕೇ ಬಿಟ್ಟುಬಿಟ್ಟಿದ್ದೀರಿ. ಮುಗಿಸಿಕೊಡಿ, ಅವಸರವೇನಿಲ್ಲ, ಕಾಯ್ತೀನಿ.”

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಚೂಟಿ ಹೇಳಿದಳು, “ಅದು ಅಷ್ಟೇ ಮಾಮ. ಅದು ಅಲ್ಲಿಗೇ ಮುಗಿಯೋದು.”

“ಓಹೋ! ಇಲ್ಲಿ ಆರ್ಟಿಸ್ಟ್ ಯಾರು ಹಾಗಾದ್ರೆ?”

ಚಿಕ್ಕಮ್ಮ ಚೂಟಿಯ ತಲೆಯ ಮೇಲೆ ಒಮ್ಮೆ ಕೈಯಾಡಿಸಿದಳು.

ಬಬಲ್ ರ‍್ಯಾಪ್ ಸುತ್ತಿ, ಹಲಗೆಯ ಒಂದು ತುದಿಯನ್ನು ಮಾಮ, ಇನ್ನೊಂದನ್ನು ಚಿಕ್ಕಮ್ಮ ಹಿಡಿದು ಬೀದಿಗೆ ಇಳಿದರು. ವ್ಯಾನ್ ಬೀದಿಯ ಆಚೆ ಬದಿಗೆ ನಿಂತಿತ್ತು. ಸಂಜೆಯಾದರೂ ಬಿಸಿಲು ಓರೆಯಾಗಿ ಬೀಳುತ್ತಲೇ ಇತ್ತು.

ಚೂಟಿ ಸುತ್ತಿ ಬಂದು ಬಿಸಿಲಿನ ಕಡೆಗೆ ನಿಂತಳು. ಅವಳ ನೆರಳು ಹಲಗೆಯ ಮೇಲೆ ಉದ್ದಕ್ಕೆ ಬಿತ್ತು. ನೆರಳು ಆಚೀಚೆ ಜಾರದಂತೆ, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು, ವ್ಯಾನಿನ ಬಾಗಿಲವರೆಗೂ ಹಾಗೇ ನಡೆದಳು.